ಸವತಿಗೆ ಬಾಗಿಲು, ನಮಗೆ ಕೌದಿ

ನಮ್ಮವ್ವನಿಗೆ ಒಬ್ಬಳು ಸವತಿ ಇದ್ದಳು. ಅಪ್ಪ ಕದ್ದುಮುಚ್ಚಿ ಇಟ್ಟುಕೊಂಡವಳಲ್ಲ, ಇಡೀ ಕಮಲಾಪುರಕ್ಕೆ ಗೊತ್ತಿದ್ದವಳು. ಊರ ಅಂಚಿಗೆ, ದೊಡ್ಡ ಬೇವಿನ ಗಿಡದ ಪಕ್ಕ, ಸೋರುವ ಮಣ್ಣಿನ ಮಾಳಿಗೆ ಹೊತ್ತುಕೊಂಡು ನಿಂತಿದ್ದ ಸಾಲಿಯೇ ಆ ಸವತಿ. ಅಪ್ಪ ಅಲ್ಲಿ ಹೆಡ್ಮಾಸ್ತರ. ಬೆಳಗಾದರೆ ಸಾಕು, ಅಂಗಿ ತೊಟ್ಟು, ಕರೀ ಟೊಪ್ಪಿಗೆ ಇಟ್ಟು, ಬಾಯಲ್ಲಿ ರೊಟ್ಟಿ ಇನ್ನೂ ಇರುವಾಗಲೇ ಒಂದು ಕಾಲು ಹೊಸ್ತಿಲಾಚೆ ಹಾಕುತ್ತಿದ್ದ. ಸಂಜೆ ಹುಡುಗರೆಲ್ಲ ಮನೆಗೆ ಹೋದಮೇಲೂ ಅವನಿಗೆ ಅಲ್ಲೇ ಕೆಲಸ. ಗೋಡೆ ನೋಡುವುದು, ಮಾಳಿಗೆ ನೋಡುವುದು, ಇನ್ನೊಂದು ಕೋಣೆ ಎಲ್ಲಿ ಕಟ್ಟಬಹುದು ಅಂತ ಹೆಜ್ಜೆ ಹಾಕಿ ಅಳೆಯುವುದು. ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದರೆ ಆಯಿ, ಅಂದರೆ ಅಪ್ಪನ ತಾಯಿ, "ಏನಪ್ಪ, ಇವತ್ತ ಜಲ್ದಿ ಬಂದಿ, ಮೈಯಾಗ ಆರಾಮಿಲ್ಲೇನು?" ಅಂತ ಕೇಳುತ್ತಿದ್ದಳು. ಅವ್ವ ಮಾತ್ರ ದಿನಾ ಬೆಳಿಗ್ಗೆ ಒಲೆಯ ಮುಂದಿನಿಂದ ಏಳದೆ, ರೊಟ್ಟಿ ಬಡಿಯುವ ಸಪ್ಪಳದ ನಡುವೆ ಒಂದೇ ಮಾತು ಹೇಳುತ್ತಿದ್ದಳು.

"ಹೋಗ್ರಿ, ಹೋಗ್ರಿ. ಆಕಿ ಹಾದಿ ನೋಡಾಕತ್ತಿರ್ತಾಳ."

ನಾನು ಒಬ್ಬಳೇ ಮಗಳು, ಗುರುಬಾಯಿ. ಅವ್ವನ ಹೊಟ್ಟೆಯೊಳಗಿನ ಆ ಉರಿ ನನಗೆ ಹಾಲಿನ ಜೊತೆಗೇ ಬಂದಿತ್ತೋ ಏನೋ, ನನಗೂ ಸಾಲಿ ಕಂಡರೆ ಆಗುತ್ತಿರಲಿಲ್ಲ. ಹಾಗಂತ ಓದಲು ಬೇಜಾರು ಅಂತಲ್ಲ ಮತ್ತೆ. ಓದು ಬೇಕಿತ್ತು. ಆದರೆ ನಮ್ಮಪ್ಪನನ್ನು ಊರಿನ ಎಲ್ಲ ಹುಡುಗರೊಂದಿಗೆ ಹಂಚಿಕೊಂಡು ಓದಬೇಕಲ್ಲ, ಅದು ನನಗೆ ಬೇಕಿರಲಿಲ್ಲ. ರಜಾಕಾರರ ಗದ್ದಲದಲ್ಲಿ ನಾವು ಗಡಿ ದಾಟಿ ಸೊಲ್ಲಾಪುರದ ಕಡೆ ಹೋಗಿ ಇದ್ದೆವು. ಅಲ್ಲಿ ಒಂದು ಸಣ್ಣ ಕೋಣೆ, ಅದರಲ್ಲಿ ನಾವು ನಾಲ್ಕು ಮಂದಿ. ಎಲ್ಲರೂ ಆ ದಿನಗಳನ್ನು ನೆನೆದು ಕಣ್ಣೀರು ತೆಗೆಯುತ್ತಾರೆ. ನನಗೆ ಅದು ಹಬ್ಬ ಆಗಿತ್ತು, ಸುಳ್ಳು ಯಾಕೆ ಹೇಳಲಿ. ಸಾಲಿ ಇಲ್ಲ, ಹುಡುಗರಿಲ್ಲ, ಅಪ್ಪ ದಿನಪೂರ್ತಿ ನನ್ನ ಪಕ್ಕದಲ್ಲಿ ಕೂತು ಕತೆ ಹೇಳುತ್ತಿದ್ದ. ಪೊಲೀಸ್ ಆ್ಯಕ್ಷನ್ ಮುಗಿದು, ಊರಿಗೆ ಹೋಗಬಹುದು ಅಂತ ಸುದ್ದಿ ಬಂದ ದಿನ ಎಲ್ಲರೂ ಸಕ್ಕರೆ ಹಂಚಿದರು, ನಾನೊಬ್ಬಳು ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದೆ.

ತಿರುಗಿ ಬಂದು ನೋಡಿದರೆ ನಮ್ಮ ಮನೆ ಹೆಂಗಿತ್ತೋ ಹಂಗೇ ಇತ್ತು, ಸಾಲಿಯೇ ಹಾಳಾಗಿತ್ತು. ಬೆಂಚುಗಳು ಯಾರದೋ ಒಲೆಗೆ ಹೋಗಿದ್ದವು. ಒಂದು ಕೋಣೆಯ ಮಾಳಿಗೆ ಕುಸಿದಿತ್ತು. ಮೊದಲು ಎಲ್ಲ ಪಾಠವೂ ಉರ್ದುವಿನಲ್ಲಿತ್ತು, ಈಗ ಕನ್ನಡದಲ್ಲಿ ಆಗಬೇಕು ಅಂತ ಹುಕುಂ ಬಂತು. ಉರ್ದುವಿನಲ್ಲೇ ಕಲಿತ ಅಪ್ಪ ಲೆಕ್ಕ ಹೇಳಿಕೊಡುವಾಗ ಭಾಗಾಕಾರ ಅನ್ನುವ ಶಬ್ದ ಬಾಯಿಗೆ ಬರದೆ "ತಕ್ಸೀಮ್" ಅಂದುಬಿಡುತ್ತಿದ್ದ, ಹುಡುಗರಿಗೂ ಅದೇ ತಿಳಿಯುತ್ತಿತ್ತು. ಅಷ್ಟರೊಳಗೆ ಹೈಸ್ಕೂಲು ಮಂಜೂರಾಯಿತು, ವರ್ಷಕ್ಕೊಂದು ಜಮಾತಿನಂತೆ, ಅಂದರೆ ತರಗತಿಯಂತೆ, ಮೇಲೇರುತ್ತ ಹೋಗಬೇಕು ಅಂದರು. ಅಪ್ಪನಿಗೆ ಹುಚ್ಚೇ ಹಿಡಿಯಿತು. ಕಲಬುರ್ಗಿಯ ದಫ್ತರಕ್ಕೆ ಅರ್ಜಿ ಬರೆಯುವುದು, ಬಸ್ಸು ಹಿಡಿದು ಹೋಗಿ ಸಾಹೇಬರ ಮುಂದೆ ನಿಲ್ಲುವುದು, ಅವರು ಕೊಟ್ಟಷ್ಟು ತರುವುದು, ಕೊಡದೆ ಇದ್ದದ್ದನ್ನು ನಮ್ಮ ಮನೆಯಿಂದ ಹೊರುವುದು. ಮೊದಲು ಗೋಡೆಯ ಗಡಿಯಾರ ಹೋಯಿತು. ಆಮೇಲೆ ಪಡಸಾಲೆಯ ಉದ್ದ ಬಾಕು ಹೋಯಿತು, ಅದು ಅಜ್ಜ ಕೂಡುತ್ತಿದ್ದದ್ದು. ಆಮೇಲೆ ಹಬ್ಬಕ್ಕೆ ನೀರು ಕಾಯಿಸುವ ತಾಮ್ರದ ಹಂಡೆ ಹುಡುಗರು ಕುಡಿಯುವ ನೀರಿಗೆ ಅಂತ ಹೋಯಿತು. ಹಂಡೆ ಹೋದ ದಿನ ಅವ್ವ ಅಡಿಗೆ ಮಾಡಲಿಲ್ಲ. ಆಯಿಯೇ ಎದ್ದು ಅಂಬಲಿ ಕಾಸಿದಳು, ಅದನ್ನೇ ಎಲ್ಲರೂ ಕುಡಿದೆವು.

ಬಾಗಿಲಿನ ಕತೆ ಇದಕ್ಕಿಂತ ದೊಡ್ಡದು. ಎಂಟನೇ ಜಮಾತಿಗೆ ನಾಲ್ಕಾರು ಹೆಣ್ಣುಮಕ್ಕಳು ಬಂದು ಸೇರಿದ್ದರು. ಮಧ್ಯಾಹ್ನ ಊಟಕ್ಕೆ ಹೋದವರು ತಿರುಗಿ ಬರುತ್ತಿರಲಿಲ್ಲ. ಅಪ್ಪನಿಗೆ ಅದು ಬಗೆಹರಿಯದ ಲೆಕ್ಕವಾಗಿಬಿಟ್ಟಿತ್ತು. ಪಾಠ ತಿಳಿಯುವುದಿಲ್ಲವೇನೋ, ಮನೆಯಲ್ಲಿ ಬೈಯುತ್ತಾರೇನೋ, ಹುಡುಗರು ಕಾಡುತ್ತಾರೇನೋ ಅಂತ ಊಟಕ್ಕೆ ಕೂತಾಗಲೆಲ್ಲ ಅದನ್ನೇ ಗೊಣಗುತ್ತಿದ್ದ. ಒಂದು ದಿನ ಅವ್ವನಿಗೆ ಕೇಳಿ ಕೇಳಿ ಸಾಕಾಯಿತು.

"ಏನ್ರೀ, ಇಷ್ಟು ಸಾಲಿ ಕಲ್ತೀರಿ, ಇಷ್ಟು ತಿಳಿಯೂದಿಲ್ಲೇನು? ಗಂಡುಡುಗ್ರು ಗಿಡದ ಮರೀಗಿ ಹೋಗ್ತಾವ. ಹೆಣ್ಮಕ್ಕಳು ಎಲ್ಲಿ ಹೋಗಬೇಕು? ಮನಿಗಿ ಬರಬೇಕು. ಬಂದಾಕೀನ ಅವರವ್ವ ಮತ್ತ ಯಾಕ ಕಳಸ್ತಾಳ, ಕೈಗಿ ಕಸಬರಿಗಿ ಕೊಡ್ತಾಳ."

ಅಪ್ಪ ತುತ್ತನ್ನು ಕೈಯಲ್ಲೇ ಹಿಡಿದು ಅವ್ವನ ಮುಖ ನೋಡಿದ. ಮರುದಿನವೇ ಕಲಬುರ್ಗಿಗೆ ಹೋದ. ಎಷ್ಟು ಸಲ ಓಡಾಡಿದನೋ, ಯಾರ್ಯಾರ ಕಾಲು ಹಿಡಿದನೋ, ಕಡೆಗೆ ಹೆಣ್ಣುಮಕ್ಕಳಿಗೆ ಒಂದು ಸಂಡಾಸ ಮಂಜೂರಾಯಿತು. ಕಲ್ಲಿನ ಗೋಡೆ ಎದ್ದಿತು, ಮೇಲೆ ಶಹಾಬಾದಿ ಫರಸಿ ಕಲ್ಲು ಕೂತಿತು, ಅಷ್ಟರಲ್ಲಿ ಸರಕಾರ ಕೊಟ್ಟದ್ದು ಮುಗಿದುಹೋಯಿತು. ಬಾಗಿಲು ಮುಂದಿನ ವರ್ಷ ನೋಡೋಣ ಅಂದರಂತೆ ಸಾಹೇಬರು. ಬಾಗಿಲಿಲ್ಲದ ಸಂಡಾಸ ಇದ್ದರೆಷ್ಟು ಬಿಟ್ಟರೆಷ್ಟು? ಅಪ್ಪ ಬಡಿಗೇರನನ್ನು ಕರಕೊಂಡು ಮನೆಗೆ ಬಂದು, ನಡುಮನೆಯ ತೇಗದ ಬಾಗಿಲನ್ನು ಕೀಲು ಬಿಚ್ಚಿ ಒಯ್ದೇಬಿಟ್ಟ. ತಾನೇ ಬಾಯಿ ಬಿಟ್ಟು ತನ್ನ ಬಾಗಿಲು ಕಳಕೊಂಡ ಅವ್ವ ಸ್ವಲ್ಪ ಹೊತ್ತು ಬರಿದಾದ ಚೌಕಟ್ಟಿನ ನಡುವೆ ನಿಂತಳು. ಆಮೇಲೆ ಪೆಟ್ಟಿಗೆಯಿಂದ ಹೊದೆಯುವ ಒಂದು ಹಳೇ ಕೌದಿ ತೆಗೆದು ಅಲ್ಲಿ ಇಳಿಬಿಟ್ಟಳು.

"ನೋಡವ್ವ ಗುರೂ, ಸವತಿಗಿ ಬಾಗಿಲ, ನಮಗ ಕೌದಿ."

ಅವ್ವನದು ಅವ್ವನಿಗೆ, ನನ್ನದು ನನಗೆ. ಆ ಬಾಗಿಲ ಹಿಂಬದಿಯಲ್ಲೇ ಅಪ್ಪ ನನಗೆ ಸುಣ್ಣದ ಕಡ್ಡಿ ಹಿಡಿಸಿ ಅ ಆ ತಿದ್ದಿಸಿದ್ದ. ಅದೇ ಬಾಗಿಲಿಗೆ ನನ್ನನ್ನು ನಿಲ್ಲಿಸಿ, ತಲೆಯ ಮೇಲೆ ಕೈಯಿಟ್ಟು, ಪ್ರತಿ ಯುಗಾದಿಗೆ ಆಯಿ ಮೊಳೆಯಿಂದ ಗೆರೆ ಕೊರೆಯುತ್ತಿದ್ದಳು. ಈಗ ಯಾರ್ಯಾರೋ ಹುಡುಗಿಯರು ನನ್ನ ಗೆರೆಗಳಿಗೆ ಬೆನ್ನು ಆನಿಸಿ ನಿಂತು, ತಮ್ಮ ಎತ್ತರ ಎಷ್ಟು ಅಂತ ಒಬ್ಬರಿಗೊಬ್ಬರು ತೋರಿಸಿ ನಗುತ್ತಿದ್ದರು. ಅವರಲ್ಲಿ ಎಲ್ಲರಿಗಿಂತ ಎತ್ತರ ಶರಣಮ್ಮ. ಕೆಂಪು ಬಾಳೆಯ ತೋಟದವರ ಮಗಳು, ನನಗಿಂತ ಒಂದು ಜಮಾತು ಮುಂದೆ. ನನ್ನ ಎಲ್ಲ ಗೆರೆಗಳಿಗಿಂತ ಮೇಲೆ ಅವಳ ತಲೆ ಹೋಗುತ್ತಿತ್ತು. ಅವಳನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಅವಳು ಏನೂ ಮಾಡಿರಲಿಲ್ಲ, ಅದೂ ನನಗೆ ಗೊತ್ತಿತ್ತು, ಆದರೂ ಉರಿಯುತ್ತಿತ್ತು.

ಹತ್ತನೇ ಜಮಾತು ಶುರುವಾದ ವರ್ಷ ಅಪ್ಪ ಇನ್ನೊಂದು ಪದ್ಧತಿ ಹಚ್ಚಿಕೊಂಡ. ಹತ್ತು ಮುಗಿಸಿದ ಹುಡುಗರು ಮುಂದೇನು ಮಾಡಬೇಕು ಅಂತ ಹೇಳುವವರು ಊರಲ್ಲಿ ಯಾರೂ ಇರಲಿಲ್ಲ. ಆಫೀಸಿನಲ್ಲಿ ನಿಲ್ಲಿಸಿ ಕೇಳಿದರೆ ಹುಡುಗರು ಮಾಸ್ತರರಿಗೆ ಏನು ಕೇಳಬೇಕಾಗಿದೆಯೋ ಅದನ್ನೇ ಒಪ್ಪಿಸುತ್ತಾರೆ, ಊಟದ ತಾಟಿನ ಮುಂದೆ ಕೂತಾಗ ಮಾತ್ರ ಖರೇ ಹೇಳುತ್ತಾರೆ ಅನ್ನುವುದು ಅಪ್ಪನ ನಂಬಿಕೆ. ಅದಕ್ಕೇ ಐತವಾರಕ್ಕೊಬ್ಬರಂತೆ ಹತ್ತನೇ ಜಮಾತಿನವರನ್ನು ಮನೆಗೆ ಊಟಕ್ಕೆ ಕರೆಯುತ್ತಿದ್ದ. ನಿಜಾಮನ ಕಾಲದಲ್ಲಿ ಶುಕ್ರವಾರ ಇದ್ದ ಸೂಟಿ ಆಗ ಐತವಾರಕ್ಕೆ ಬಂದಿತ್ತು. ಬಂದವರು ತಲಬಾಗಿಲಿಂದಲೇ ಬರಬೇಕು, ಕಾಲು ತೊಳೆಯಬೇಕು, "ಶರಣ್ರಿ ಮಾಸ್ತರ್ರೇ" ಅನ್ನಬೇಕು, ಅಪ್ಪನ ಬಲಗಡೆಯ ಮಣೆಯ ಮೇಲೆ ಕೂಡಬೇಕು. ಎರಡನೇ ರೊಟ್ಟಿ ತಾಟಿಗೆ ಬೀಳುವವರೆಗೆ ಅಪ್ಪ ಏನೂ ಕೇಳುತ್ತಿರಲಿಲ್ಲ. ಸುಮ್ಮನೆ ಅವರು ಉಣ್ಣುವುದನ್ನು ನೋಡುತ್ತಿದ್ದ. ಪಲ್ಯ ಮೊದಲು ತಿನ್ನುತ್ತಾನೋ, ಹಿಂಡಿ ಮೊದಲು ನಂಚಿಕೊಳ್ಳುತ್ತಾನೋ, ಬೇಕಾದದ್ದನ್ನು ಕೇಳಿ ಹಾಕಿಸಿಕೊಳ್ಳುತ್ತಾನೋ, ನಾಚಿ ಹಸಿದು ಏಳುತ್ತಾನೋ. ಆಮೇಲೆ ಬಗ್ಗಿ, ಅವರಿಗಷ್ಟೇ ಕೇಳುವ ಹಾಗೆ ಕೇಳುತ್ತಿದ್ದ.

"ಮುಂದೇನ್ ಮಾಡಬೇಕಂತ ಮಾಡೀದಿ?"

ಆ ದನಿ ನಾನು ಬೇರೆಲ್ಲೂ ಕೇಳಿರಲಿಲ್ಲ. ಸಾಲಿಯಲ್ಲಿ ಗದರಿಸುವ ಅಪ್ಪ ಅಲ್ಲ, ಮನೆಯಲ್ಲಿ ಗೊಣಗುವ ಅಪ್ಪ ಅಲ್ಲ. ಜಗತ್ತಿನಲ್ಲಿ ಆ ಹುಡುಗ ಒಬ್ಬನೇ ಇದ್ದಾನೆ ಅನ್ನುವ ಹಾಗೆ ಕೇಳುತ್ತಿದ್ದ. ಹುಡುಗರೂ ಹೇಳುತ್ತಿದ್ದರು. ಒಬ್ಬ ಪಟವಾರಿಯ ಮಗ, ಮನೆಯವರೆಲ್ಲ ಕಚೇರಿಯ ನೌಕರಿ ಅಂತ ಕುಣಿಯುತ್ತಿದ್ದರೆ, ರೊಟ್ಟಿ ಮುರಿಯುತ್ತ "ನನಗ ಮೋಟರ್ ರಿಪೇರಿ ಕಲೀಬೇಕಾಗ್ಯಾದ್ರಿ" ಅಂತ ಅತ್ತುಬಿಟ್ಟ. ಅಪ್ಪ ಅವನಿಗಾಗಿ ಕಲಬುರ್ಗಿಯ ಬಸ್ ಸ್ಟ್ಯಾಂಡಿನ ಹತ್ತಿರದ ಒಬ್ಬ ಮಿಸ್ತ್ರಿಯನ್ನು ಹುಡುಕಿಟ್ಟು, ಪಟವಾರಿಯ ಬೈಗಳನ್ನೂ ತಿಂದು ಬಂದ. ಉಂಡು ಹೋದವರ ಬಾಯಿರುಚಿ ಅಪ್ಪ ಮರೆಯುತ್ತಲೇ ಇರಲಿಲ್ಲ. ಈತನಿಗೆ ಶೇಂಗಾ ಹಿಂಡಿ ಅಂದರೆ ಜೀವ, ಆತನಿಗೆ ಮಜ್ಜಿಗೆ ಹುಳಿ ಇರಬೇಕು ಅಂತ ವರ್ಷ ಕಳೆದಮೇಲೂ ಹೇಳುತ್ತಿದ್ದ. ಒಬ್ಬರಿಗೆ ಒಂದೇ ಊಟ, ಎರಡನೇ ಸಲ ಕರೆಯುತ್ತಿರಲಿಲ್ಲ. "ಎಲ್ಲಾರಿಗೂ ಬರೋಬರಿ ಆಗಬೇಕು" ಅನ್ನುತ್ತಿದ್ದ.

ಇಷ್ಟು ಹೊತ್ತೂ ನಾನು ಎಲ್ಲಿದ್ದೆ ಅಂತೀರಾ? ಕೌದಿಯ ಪಕ್ಕ ರೊಟ್ಟಿ ಬುಟ್ಟಿ ಹಿಡಿದು ನಿಂತಿದ್ದೆ. ಬಂದವರ ಕಾಲಿಗೆ ನೀರು ಕೊಡುವುದು ನನ್ನ ಕೆಲಸ, ಬಡಿಸುವುದು ನನ್ನ ಕೆಲಸ, ಎಂಜಲ ಬಳಿಯುವುದೂ ನನ್ನ ಕೆಲಸ. ನಮ್ಮಲ್ಲಿ ಗಂಡಸರು ಎದ್ದಮೇಲೆ ಹೆಂಗಸರ ಊಟ, ಅಪ್ಪನ ಪಕ್ಕ ಕೂತು ನಾನು ಉಂಡದ್ದು ಮೊಲೆಹಾಲು ಬಿಟ್ಟ ಕಾಲದಲ್ಲಿ ಇರಬಹುದು. ಆ ಮಣೆಯ ಮೇಲೆ ಕೂತವರನ್ನೆಲ್ಲ ನಾನು ದ್ವೇಷಿಸಿದೆ. ಮನಸ್ಸಿಗೆ ಒಂದು ಸಮಾಧಾನ ಮಾತ್ರ ಹೇಳಿಕೊಳ್ಳುತ್ತಿದ್ದೆ. ಅದು ಗಂಡುಹುಡುಗರ ಮಣೆ, ನಾನು ಹುಡುಗಿ, ಅದಕ್ಕೇ ನನ್ನನ್ನು ಕೇಳುವುದಿಲ್ಲ, ಇಲ್ಲದಿದ್ದರೆ ನಮ್ಮಪ್ಪ ಮೊದಲು ನನ್ನನ್ನೇ ಕೇಳುತ್ತಿದ್ದ. ಆ ಸಮಾಧಾನಕ್ಕೂ ಮರುವರ್ಷ ಕಲ್ಲು ಬಿತ್ತು.

ಆ ಐತವಾರ ತಲಬಾಗಿಲಲ್ಲಿ ಬಂದು ನಿಂತವಳು ಶರಣಮ್ಮ. ಕೈಯಲ್ಲಿ ಅವರ ತೋಟದ ಕೆಂಪು ಬಾಳೆಯ ಚಿಪ್ಪು. ನಾನು ತಂಬಿಗೆ ಕೊಟ್ಟೆ, ಅವಳು ಕಾಲು ತೊಳೆದಳು, "ಶರಣ್ರಿ ಮಾಸ್ತರ್ರೇ" ಅಂದಳು, ಸೀದಾ ಬಂದು ಮಣೆಯ ಮೇಲೆ ಕೂತಳು. ಒಳಗಿನಿಂದ ಆಯಿ ಕೌದಿ ಸರಿಸಿ ಇಣುಕಿದಳು.

"ಏ, ಹೆಣ್ಣುಡುಗಿ ಗಂಡಸರ ಜೋಡಿ ಊಟಕ್ಕ ಕುಂತಾಳಲ್ಲೋ!"

"ಅವ್ವಾ, ಆಕಿ ಹುಡುಗಿ ಅಲ್ಲ. ಹತ್ತನೇ ಜಮಾತಿನಾಕಿ," ಅಂದ ಅಪ್ಪ.

ಹಾಗಾದರೆ ಹುಡುಗಿಗೂ ಕೂಡಲು ಬರುತ್ತದೆ! ನನಗೆ ಸಿಟ್ಟು ನೆತ್ತಿಗೇರಿತು. ಬುಟ್ಟಿಯಲ್ಲಿ ಕೈಯಾಡಿಸಿ ಎಲ್ಲಕ್ಕಿಂತ ಸುಟ್ಟ ರೊಟ್ಟಿ ಹುಡುಕಿ ಅವಳ ತಾಟಿಗೆ ಹಾಕಿದೆ. ಅವಳು ಅದನ್ನೇ ಪಟಪಟ ಮುರಿದು ತಿಂದು, "ಗರಿಗರಿ ಚಲೋ ಆಗ್ಯಾವ ನೋಡ್ರಿ, ಇನ್ನೊಂದು ಹಾಕವ್ವ ಗುರುಬಾಯಿ" ಅಂದಳು. ಪುಂಡಿಪಲ್ಯವನ್ನಂತೂ ಎರಡು ಸಲ ಹಾಕಿಸಿಕೊಂಡಳು. ಅಪ್ಪನ ಮುಖ ಅರಳಿತು. ಕೇಳಿ ಉಣ್ಣುವವರೆಂದರೆ ಅವನಿಗೆ ಭಾಳ ಪ್ರೀತಿ. ಆಮೇಲೆ ಬಗ್ಗಿ ಅದೇ ಮಾತು ಕೇಳಿದ, ಅದೇ ದನಿಯಲ್ಲಿ.

"ಮಾಸ್ತರಕಿ ಕಲೀಬೇಕಂತ ಮಾಡೀನ್ರಿ. ಆದ್ರ ಕಲಬುರ್ಗ್ಯಾಗ ಇರ್ಲಾಕ ನೆಲಿ ಇಲ್ರಿ. ಅಪ್ಪ ಕಳಸೂದಿಲ್ಲ ಅಂತಾನ."

"ನೆಲಿ ಯಾಕಿಲ್ಲ? ಗಾಜಿಪುರದಾಗ ನಮ್ಮಕ್ಕನ ಮನಿ ಅದ. ಅಲ್ಲಿ ಇರು. ನಿಮ್ಮಪ್ಪಗ ನಾ ಹೇಳ್ತೀನಿ."

ಗಾಜಿಪುರ! ಅದು ನನ್ನ ಗಾಜಿಪುರ. ಕಲಬುರ್ಗಿಯ ಆ ಓಣಿಯಲ್ಲಿ ನಮ್ಮ ಸೋದರತ್ತಿಯ ಮನೆ. ಪ್ರತಿ ಬೇಸಿಗೆ ಸೂಟಿಗೆ ನಾನು ಅಲ್ಲಿಗೆ ಹೋಗುತ್ತಿದ್ದೆ. ಓಣಿಯ ಕಡೆ ತೆರೆಯುವ ಕಿಟಕಿಯ ಕೆಳಗೆ ನನ್ನ ಚಾಪೆ, ಅದರ ಮೇಲಿನ ಗೋಡೆಯಲ್ಲಿ ಒಂದು ಗೂಡು, ಅದರಲ್ಲಿ ನನ್ನ ಬಳೆ, ನನ್ನ ಹೇರಪಿನ್ನು, ನನ್ನ ಗಾಜಿನ ಗುಂಡು. ಶರಣಮ್ಮ ಪಾಸಾಗಿ ಟ್ರೇನಿಂಗಿಗೆ ಸೇರಿದಮೇಲೆ ನಾನು ದೀಪಾವಳಿಗೆ ಅಲ್ಲಿಗೆ ಹೋದೆ. ಗೂಡಿನ ತುಂಬ ಅವಳ ಪುಸ್ತಕ. ನನ್ನ ಬಳೆಗಳನ್ನು ಒಂದು ಡಬ್ಬಿಗೆ ಹಾಕಿ ಅಟ್ಟದ ಮೇಲಿಟ್ಟಿದ್ದರು. ಅತ್ತಿ ಹೊಸ್ತಿಲ ಮೇಲೆ ಕೂತು ಅವಳ ತಲೆ ಬಾಚುತ್ತಿದ್ದಳು. ನಾನು ಅಟ್ಟದ ಕಡೆ ತಲೆಯೆತ್ತಿ ನಿಂತದ್ದು ನೋಡಿ ಅತ್ತಿ ನಕ್ಕಳು.

"ಯಾಕವ್ವ, ಮಾರಿ ಸಣ್ಣದು ಮಾಡೀದಿ? ಆಕಿ ಎಲ್ಡು ವರ್ಷ ಇದ್ದು ಹೋಗಾಕಿ. ನೀ ಜಲ್ಮಪೂರ್ತಿ ಇಲ್ಲೇ ಇರಾಕಿ. ಈ ಮನಿ ಎಲ್ಲಾ ನಿಂದ ಅಲ್ಲೇನು?"

ನನಗೆ ಆವತ್ತು ತಿಳಿಯಿತು ನೋಡಿ. ಅತ್ತಿಯ ಮಗ ಚಂದ್ರಶಾ ಬಜಾರಿನ ಒಂದು ಅರಿವೆ ಅಂಗಡಿಯಲ್ಲಿ ಕೂಡುತ್ತಿದ್ದ. ಅವನಿಗೆ ನಾನು ಅಂತ ನಾನು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತಂತೆ. ನಮ್ಮ ಕಡೆ ಸೋದರತ್ತಿಯ ಮನೆಗೆ ಸೊಸೆಯಾಗಿ ಹೋಗುವುದು ಮಾತಾಡಿ ತೀರ್ಮಾನಿಸುವ ವಿಷಯವೇ ಅಲ್ಲ, ನೀರು ಇಳಿಜಾರಿಗೆ ಹರಿದ ಹಾಗೆ ಆಗಿಹೋಗುವಂಥದ್ದು. ಚಂದ್ರಶಾ ಕೆಟ್ಟವನಲ್ಲ, ಪಾಪ, ನನ್ನನ್ನು ಕಂಡಾಗಲೆಲ್ಲ ಒಂದು ಹಿಡಿ ಪುಟಾಣಿ, ಅದೇ ಹುರಿಗಡಲೆ, ಕೊಡುತ್ತಿದ್ದ, ಅಷ್ಟೇ. ಆದರೆ ಇದರಿಂದ ನನ್ನ ಪಾಲಿಗೆ ಏನಾಯಿತು ಅಂದರೆ, ಗಾಜಿಪುರದ ಒಂದೇ ಮನೆಯಲ್ಲಿ ಶರಣಮ್ಮ ಪುಸ್ತಕ ಹಿಡಿದು ಕಿಟಕಿಯ ಕೆಳಗೆ ಕೂಡಬೇಕು, ನಾನು ಹೋಗಿ ಒಲೆಯ ಮುಂದೆ ಕೂಡಬೇಕು. ಊರ ಮಕ್ಕಳಿಗೆಲ್ಲ ಮುಂದೇನು ಅಂತ ಕೇಳುವ ಮನುಷ್ಯ ಸ್ವಂತ ಮಗಳನ್ನು ಕೇಳದೆ ಇದ್ದದ್ದು ಇದಕ್ಕೆ. ಅವಳದು ಮುಗಿದ ಕೆಲಸ ಅಂದುಕೊಂಡಿದ್ದ. ಆ ದೀಪಾವಳಿ ಪೂರ್ತಿ ನಾನು ಶರಣಮ್ಮನ ಪಕ್ಕದ ಚಾಪೆಯಲ್ಲಿ ಅವಳ ಕಡೆ ಬೆನ್ನು ಮಾಡಿ ಮಲಗಿದೆ. ಇವತ್ತು ಮುಪ್ಪಿನಲ್ಲಿ ಕೂತು ಅದು ಸಣ್ಣತನ ಅಂತ ಬರೆದರೆ ಓದುವವರಿಗೆ ಚಂದ ಕಾಣಬಹುದು, ಆದರೆ ನನಗೆ ಹಾಗೆ ಅನ್ನಿಸುವುದಿಲ್ಲ. ಆ ಹೊಟ್ಟೆಕಿಚ್ಚು ಇರದಿದ್ದರೆ ನಾನು ಬಾಯಿ ಮುಚ್ಚಿಕೊಂಡು ಅರಿಷಿಣ ಹಚ್ಚಿಸಿಕೊಳ್ಳುತ್ತಿದ್ದೆ.

ನಾನೂ ಹತ್ತನೇ ಜಮಾತಿನಲ್ಲಿದ್ದ ವರ್ಷ ಅದು. ಐತವಾರಗಳು ಒಂದೊಂದಾಗಿ ಬಂದವು. ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂಡುವವರು ನಮ್ಮ ಮನೆಗೆ ಬಂದು ಮಣೆಯ ಮೇಲೆ ಕೂತರು, ನಾನು ಅವರ ಕಾಲಿಗೆ ನೀರು ಕೊಟ್ಟೆ, ಅವರ ತಾಟಿಗೆ ರೊಟ್ಟಿ ಹಾಕಿದೆ. ಮರುದಿನ ಸಾಲಿಯಲ್ಲಿ ಅವರು ನನ್ನ ಮುಖ ನೋಡಲು ನಾಚುತ್ತಿದ್ದರು, ನನಗೆ ಅದು ಇನ್ನೂ ಉರಿ. ಪ್ರತಿ ಶನಿವಾರ ನಾಳೆ ನನ್ನ ಸರದಿ ಇರಬಹುದು ಅಂತ ಕಾಯುತ್ತಿದ್ದೆ. ಅಪ್ಪ ಇನ್ನೊಬ್ಬರ ಹೆಸರು ಹೇಳುತ್ತಿದ್ದ. ಪರೀಕ್ಷೆ ಹತ್ತಿರ ಬಂತು. ಕಡೆಯ ಐತವಾರ ಬೆಳಿಗ್ಗೆ ಅವ್ವ ಹಿಟ್ಟು ನಾದುತ್ತ ಕೇಳಿದಳು.

"ಇವತ್ತ ಯಾರದು ಸರದಿ?"

"ಯಾರೂ ಇಲ್ಲ. ಎಲ್ಲಾರದೂ ಆಯ್ತು," ಅಂತ ಅಪ್ಪ ಪಡಸಾಲೆಯಿಂದ ಹೇಳಿದ.

ಅವ್ವನ ಕೈ ಹಿಟ್ಟಿನಲ್ಲೇ ನಿಂತಿತು. ತಿರುಗಿ ನನ್ನನ್ನು ನೋಡಿದಳು. ನಾನು ಆಗಲೇ ಅಳು ನುಂಗುತ್ತಿದ್ದೆ. ಅವ್ವ ಎದ್ದು ಕೈ ತೊಳೆದು, ನನ್ನ ರಟ್ಟೆ ಹಿಡಿದು ಹಿತ್ತಲ ಕಡೆ ಎಳೆದುಕೊಂಡು ಹೋದಳು.

"ಸಾಲಿ ಸೀರಿ ಉಟ್ಗೊ. ಚೀಲ ತೊಗೊ. ಹಿತ್ತಲದಿಂದ ಹೋಗಿ, ಓಣಿ ಸುತ್ತ ಹಾಕಿ, ತಲಬಾಗಲಿಂದ ಬಾ."

"ಯಾಕವ್ವ?"

"ಯಾಕಂತ ಕೇಳಬ್ಯಾಡ. ಇಷ್ಟು ವರ್ಷ ನಾ ಆ ಸವತಿಗಿ ಗಡಿಯಾರ ಕೊಟ್ಟೀನಿ, ಹಂಡೆ ಕೊಟ್ಟೀನಿ, ಬಾಗಿಲ ಕೊಟ್ಟೀನಿ. ಇವತ್ತ ಕೂಡೂ ಮಣಿ ಒಂದು ಇಸ್ಕೋತೀನಿ. ನಡಿ."

ಹೋದೆ. ಓಣಿಯಲ್ಲಿ ಎದುರು ಮನೆಯ ಅಮೀನಾಬೀ ಖಾಲಾ ಗೋಧಿ ಹಸನು ಮಾಡುತ್ತ ಕೂತಿದ್ದಳು, "ಐತವಾರ ಸಾಲಿ ಎಲ್ಲಿ ಅದ ಬೇಟಿ?" ಅಂದಳು. ನಮ್ಮದೇ ತಲಬಾಗಿಲ ಮುಂದೆ ಹೋಗಿ ಪರಕೀಯಳ ಹಾಗೆ ನಿಂತೆ. ಹುಟ್ಟಿದಾಗಿಂದ ಓಡಾಡಿದ ಹೊಸ್ತಿಲು, ಕಾಲು ಮೇಲೇಳಲಿಲ್ಲ. ಒಳಗೆ ಅಪ್ಪ ಮಣೆಯ ಮೇಲೆ ಕೂತಿದ್ದ, ಬಲಗಡೆ ಇನ್ನೊಂದು ಮಣೆ ಮತ್ತು ಖಾಲಿ ತಾಟು ಇದ್ದವು. ಯಾರಿಗೆ ಅಂತ ಅವನು ಅವ್ವನನ್ನು ಕೇಳುತ್ತಿದ್ದ ಹಾಗಿತ್ತು.

"ಶರಣ್ರಿ ಮಾಸ್ತರ್ರೇ," ಅಂದೆ.

ಅಪ್ಪ ತಲೆಯೆತ್ತಿದ. ಮೊದಲು ನಕ್ಕ, ಹುಡುಗಾಟ ಅಂದುಕೊಂಡಿರಬೇಕು. ನಾನು ನಗಲಿಲ್ಲ. ಒಳಗಿನಿಂದ ಅವ್ವನ ದನಿ ಬಂತು.

"ಹತ್ತನೇ ಜಮಾತಿನಾಕಿ ಬಂದಾಳ್ರಿ. ಒಬ್ಬಾಕಿ ಉಳದಿದ್ಳು. ನೀರು ಕೊಡೂ ಹುಡುಗಿ ಇವತ್ತ ಇಲ್ಲ, ನೀವೇ ಎದ್ದು ಕೊಡ್ರಿ."

ಅಪ್ಪನ ನಗು ಇಳಿಯಿತು. ಎಲ್ಲರಿಗೂ ಬರೋಬರಿ ಆಗಬೇಕು ಅನ್ನುವ ಮನುಷ್ಯ, ಏನು ಮಾಡುತ್ತಾನೆ? ಎದ್ದು ತಂಬಿಗೆ ತಂದು ನನ್ನ ಕಾಲಿಗೆ ನೀರು ಹಾಕಿದ. ನಾನು ಹೋಗಿ ಮಣೆಯ ಮೇಲೆ ಕೂತೆ. ಅವ್ವ ಬಡಿಸಲು ಬಂದಳು. ರೊಟ್ಟಿ ಹಾಕಿದಳು, ಬ್ಯಾಳಿ ಹಾಕಿದಳು. ಅಪ್ಪ ಏನು ಮಾತಾಡಬೇಕೋ ತಿಳಿಯದೆ, ದೊಡ್ಡ ದನಿಯಲ್ಲಿ ಉಪಚಾರಕ್ಕೆ ಹೊರಟ.

"ಪುಂಡಿಪಲ್ಯ ಹಾಕು, ಇನ್ನಷ್ಟು ಹಾಕು. ಆಕೀಗ ಪುಂಡಿಪಲ್ಯ ಅಂದ್ರ ಭಾಳ ಸೇರ್ತದ."

ಅವ್ವ ಪಲ್ಯದ ಸೌಟನ್ನು ಹಾಗೇ ಹಿಡಿದು ನಿಂತಳು.

"ಆಕೀಗ ಪುಂಡಿಪಲ್ಯ ಸೇರೂದಿಲ್ರಿ. ಸಣ್ಣಾಕಿದ್ದಾಗಿಂದ ಸೇರೂದಿಲ್ಲ."

"ಅದು ಶರಣಮ್ಮಗ ಸೇರೂದು," ಅಂದೆ ನಾನು.

ಊರಿನ ಯಾವ ಹುಡುಗನ ಬಾಯಿರುಚಿಯನ್ನೂ ಮರೆಯದ ನಮ್ಮಪ್ಪ ನನ್ನ ತಾಟನ್ನೇ ನೋಡುತ್ತ ಕೂತ, ಅಲ್ಲಿ ಇನ್ನೂ ಏನಾದರೂ ಗೊತ್ತಿರದ್ದು ಇದೆಯೇನೋ ಅನ್ನುವ ಹಾಗೆ. ನಾನು ರೊಟ್ಟಿ ಮುರಿದೆ. ಬ್ಯಾಳಿಯಲ್ಲಿ ಅದ್ದಿ ತಿಂದೆ. ಮೊದಲನೆಯದು ಮುಗಿಯಿತು. ಅವ್ವ ಎರಡನೇ ರೊಟ್ಟಿ ಹಾಕಿದಳು. ಅವ್ವ ಅಲ್ಲೇ ನಿಂತಳು, ಕದಲಲಿಲ್ಲ.

"ಎರಡನೇ ರೊಟ್ಟಿ ಬಿತ್ರಿ. ಕೇಳ್ರಿ," ಅಂದಳು.

ಅಪ್ಪ ನನ್ನ ಕಡೆ ಬಗ್ಗಿದ. ನಾನು ಕೌದಿಯ ಪಕ್ಕ ನಿಂತು ಅಷ್ಟು ದಿನ ಕೇಳಿದ್ದ ಆ ದನಿ ಕಡೆಗೂ ನನ್ನ ಕಿವಿಯ ಹತ್ತಿರ ಬಂತು, ಸ್ವಲ್ಪ ಒಡೆದಿತ್ತು.

"ಮುಂದೇನ್ ಮಾಡಬೇಕಂತ ಮಾಡೀದಿ?"

ಈ ಮಾತಿಗೆ ಏನು ಹೇಳಬೇಕು ಅಂತ ನಾನು ಎಷ್ಟೋ ಸಲ ಹಿತ್ತಲಲ್ಲಿ ಒಬ್ಬಳೇ ನಿಂತು ಹೇಳಿ ನೋಡಿಕೊಂಡಿದ್ದೆ. ಡಾಕ್ಟರ್ ಆಗ್ತೀನಿ ಅಂತ, ದೊಡ್ಡ ಸಾಹೇಬಳಾಗಿ ನಿನ್ನ ಸಾಲಿ ನೋಡಾಕ ಬರ್ತೀನಿ ಅಂತ, ಏನೇನೋ. ಅಪ್ಪನ ನಂಬಿಕೆ ಸುಳ್ಳಾಗಲಿಲ್ಲ, ಕೈ ತಾಟಿನಲ್ಲಿದ್ದಾಗ ಬಾಯಿಗೆ ಬಂದದ್ದು ಖರೇನೇ. ಹುಟ್ಟಿದಾಗಿಂದ "ನೀ" ಅನ್ನುತ್ತಿದ್ದವಳು ಆವತ್ತು ರೀ ಹಚ್ಚಿ ಹೇಳಿದೆ.

"ಗಾಜಿಪುರಕ್ಕ ಹೋಗ್ತೀನ್ರಿ. ಶರಣಮ್ಮ ಹ್ವಾದಂಗ. ಸೊಸಿ ಆಗಿ ಅಲ್ರಿ."

"ಶಿವ ಶಿವಾ!" ಅಂದಳು ಆಯಿ ಒಳಗಿನಿಂದ.

ಬೇರೆ ಹುಡುಗರಿಗೆ ಅಪ್ಪ ಮಜ್ಜಿಗೆ ಮುಗಿಯುವುದರೊಳಗೆ ದಾರಿ ಹೇಳಿಬಿಡುತ್ತಿದ್ದ. ಇಂಥ ಕಡೆ ಹೋಗು, ಇಂಥವರನ್ನು ನೋಡು, ನಾನು ಮಾತಾಡ್ತೀನಿ ಅಂತ. ಆವತ್ತು ಮಜ್ಜಿಗೆ ಮುಗಿಯಿತು, ಬಾಳೆಹಣ್ಣು ಮುಗಿಯಿತು, ಅಪ್ಪನ ಬಾಯಿ ತೆರೆಯಲಿಲ್ಲ. ಸ್ವಂತ ಅಕ್ಕನ ಮುಂದೆ ನಿಂತು ಮಾತು ಮುರಿಯುವುದು ಪಟವಾರಿಯ ಬೈಗಳು ತಿಂದಷ್ಟು ಸುಲಭ ಅಲ್ಲ, ಅದು ನನಗೂ ಗೊತ್ತಿತ್ತು. ಎಂಜಲ ಕೈ ಒಣಗುವವರೆಗೆ ಕೂತೇ ಇದ್ದ. ನಾನು ಏಳಬೇಕೋ ಕೂಡಬೇಕೋ ತಿಳಿಯದೆ ಎದ್ದೆ. ಆಗ ಅಪ್ಪ ನನ್ನ ಸೆರಗಿನ ತುದಿ ಹಿಡಿದ.

"ನಿಂದು ಒಂದು ಊಟಕ್ಕ ಮುಗಿಯೂದಿಲ್ಲ. ನಾಳಿ ಮತ್ತ ಬಾ."

"ನಾಳಿ ಸೋಮವಾರ್ರಿ. ಸಾಲಿ ಅದ."

"ಸಾಲಿ ಬಿಟ್ಟ ಮ್ಯಾಲ ಬಾ. ನಿನಗೇನು ಸೇರ್ತದ ಹೇಳು, ಅದನ್ನ ಮಾಡಸ್ತೀನಿ."

"ಮಾಡಾಕಿ ನಾನು," ಅಂದಳು ಅವ್ವ, "ನನಗ ಗೊತ್ತದ ಆಕೀಗ ಏನು ಸೇರ್ತದಂತ."

ಗಾಜಿಪುರಕ್ಕೆ ನಾನು ಹೋದೆ. ಅತ್ತಿ ಒಂದು ವರ್ಷ ಅಪ್ಪನೊಂದಿಗೆ ಮಾತು ಬಿಟ್ಟಳು, ನನಗೆ ಮಾತ್ರ ಊಟ ತಪ್ಪಿಸಲಿಲ್ಲ. ಚಂದ್ರಶಾ ಬೇರೆ ಕಡೆ ಮದುವೆಯಾಗಿ, ಕಂಡಾಗ ಪುಟಾಣಿ ಕೊಡುವುದನ್ನು ಮುಂದುವರಿಸಿದ. ಆ ಕಿಟಕಿ ಯಾರದು, ಆ ಗೂಡು ಯಾರದು ಅಂತ ನಾನೂ ಶರಣಮ್ಮನೂ ಅವಳ ಟ್ರೇನಿಂಗು ಮುಗಿಯುವವರೆಗೆ ಜಗಳಾಡಿದೆವು. ಅವಳು ನೌಕರಿಯ ಮೇಲೆ ಹೋಗುವಾಗ ಗೂಡು ಖಾಲಿ ಮಾಡಿ, ಅಟ್ಟದಿಂದ ನನ್ನ ಬಳೆಯ ಡಬ್ಬಿ ತಾನೇ ಇಳಿಸಿ ಅಲ್ಲಿಟ್ಟು ಹೋದಳು. ಆದರೂ ಪುಂಡಿಪಲ್ಯದ ವಾಸನೆ ಬಂದರೆ ನನಗೆ ಇವತ್ತಿಗೂ ಅವಳ ಮೇಲೆ ಸ್ವಲ್ಪ ಸಿಟ್ಟು ಬರುತ್ತದೆ.

ಇದೆಲ್ಲ ಆಮೇಲಿನದು. ನನ್ನ ನೆನಪಿನಲ್ಲಿ ಕೂತಿರುವುದು ಆ ಸೋಮವಾರದ ಸಂಜೆ. ಸಾಲಿ ಬಿಟ್ಟಿತು. ಅಪ್ಪ ಗೋಡೆ ನೋಡಲು ನಿಲ್ಲಲಿಲ್ಲ, ಮಾಳಿಗೆ ನೋಡಲಿಲ್ಲ, ಹುಡುಗರ ಹಿಂದೆಯೇ ಟೊಪ್ಪಿಗೆ ಸರಿ ಮಾಡಿಕೊಳ್ಳುತ್ತ ಮನೆಗೆ ಬಂದ. ನಾನು ಓಣಿ ಸುತ್ತು ಹಾಕಿ ತಲಬಾಗಿಲಿಗೆ ಬಂದಾಗ ತಂಬಿಗೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದ. ಬಿಸಿಲು ಇನ್ನೂ ಇತ್ತು, ದೀಪ ಹಚ್ಚುವ ಹೊತ್ತೂ ಆಗಿರಲಿಲ್ಲ. ನಾವಿಬ್ಬರೂ ಅಕ್ಕಪಕ್ಕದ ಮಣೆಯ ಮೇಲೆ ಕೂತೆವು. ಅವ್ವ ಹೆಸರುಕಾಳಿನ ಪಲ್ಯ ಹಾಕಿದಳು. ಅಷ್ಟರಲ್ಲಿ ಸಾಲಿಯ ಜವಾನ ಓಡಿಬಂದು, ಗೋಡೆ ಕಟ್ಟುವ ಗೌಂಡಿ ಬಂದು ಕಾಯುತ್ತಿದ್ದಾನೆ, ಹೊಸ ಕೋಣೆಯ ಗುರುತು ಹಾಕಬೇಕಂತೆ, ಮಾಸ್ತರ್ರು ಬರಬೇಕಂತೆ ಅಂತ ಅಂಗಳದಿಂದ ಕೂಗಿದ. ಅಪ್ಪ ಏಳಲು ನೆಲಕ್ಕೆ ಕೈಯೂರಿದ. ಅವ್ವ ನನ್ನ ತಾಟಿಗೆ ಎರಡನೇ ರೊಟ್ಟಿ ಹಾಕುತ್ತ, ತಲೆ ಎತ್ತದೆ ಹೇಳಿದಳು.

"ಕೂಡ್ರಿ. ಇವತ್ತ ಆಕಿ ಹಾದಿ ನೋಡ್ಲಿ."